ಒಲ್ಲೆ ಅಂದ ಡಾಕ್ಟರಬಾಯಾರು

ಬಗ್ಗಿ ನಮ್ಮ ಹೊಟ್ಟೆ ನೋಡುವಾಗ ಅವರ ಕೊರಳಿನ ಬೆಳ್ಳಿ ಕರಡಿಗೆ ಸೆರಗಿನಿಂದ ಜಾರಿ ಬಂದು ಸ್ಟೆತಸ್ಕೋಪಿಗೆ ಬಡಿಯುತ್ತಿತ್ತು. ಎಡಗೈಯಿಂದ ಅದನ್ನು ಹಿಂದಕ್ಕೆ ಸರಿಸಿ, ಎರಡೂ ಅಂಗೈ ತಿಕ್ಕಿ ಬಿಸಿ ಮಾಡಿಕೊಂಡು, ಆಮೇಲೆ ಮುಟ್ಟುತ್ತಿದ್ದರು. ತಣ್ಣನೆಯ ಕೈಯಿಂದ ಬಸುರಿಯನ್ನು ಮುಟ್ಟಿದ್ದನ್ನು ನಾನು ಕಂಡಿಲ್ಲ. ಬೆಳಿಗ್ಗೆ ಹಣೆಯ ಮೇಲೆ ಮೂರೆಳೆಯಾಗಿ ಇರುತ್ತಿದ್ದ ವಿಭೂತಿ ಮಧ್ಯಾಹ್ನದ ಹೊತ್ತಿಗೆ ಬೆವರಿಗೆ ಕದಡಿ ಹುಬ್ಬಿನವರೆಗೆ ಇಳಿದಿರುತ್ತಿತ್ತು. ಹತ್ತಿರ ಬಂದರೆ ವಿಭೂತಿಯ ವಾಸನೆಯೂ ಫಿನೈಲಿನ ವಾಸನೆಯೂ ಕೂಡಿಯೇ ಬರುತ್ತಿದ್ದವು. ಆ ಕರಡಿಗೆಯೊಳಗಿನ ಇಷ್ಟಲಿಂಗವನ್ನು ಪೂಜೆಯ ಹೊತ್ತಿಗೆ ಅಂಗೈಗೆ ತೆಗೆದುಕೊಳ್ಳುವುದು ಬಿಟ್ಟರೆ ಅವರು ಮೈಯಿಂದ ಅಗಲಿಸಿದವರಲ್ಲ.

ಊರವರೆಲ್ಲ ಅವರನ್ನು ಡಾಕ್ಟರಬಾಯಾರು ಎನ್ನುತ್ತಿದ್ದೆವು. ನವಲಗುಂದದ ಕಡೆಯ ನಮ್ಮೂರಿನ ಸರ್ಕಾರಿ ದವಾಖಾನೆಗೆ ಅವರಿಗಿಂತ ಮೊದಲು ಬಂದ ಡಾಕ್ಟರರು ಹುಬ್ಬಳ್ಳಿ ಬಸ್ಸಿಗೆ ಬಂದಿಳಿದು, ಊಟದ ಹೊತ್ತಿಗೆ ಮತ್ತೆ ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುತ್ತಿದ್ದವರು. ಇವರು ದವಾಖಾನೆಯ ಹಿಂದಿನ ಕ್ವಾರ್ಟರ್ಸಿನ ಬೀಗ ಒಡೆಸಿ, ಹೆಗ್ಗಣ ಓಡಿಸಿ, ಗೋಡೆಗೆ ಸುಣ್ಣ ಹೊಡೆಸಿ ಅಲ್ಲೇ ಉಳಿದರು. ಹೆರಿಗೆಯ ವಿಷಯವನ್ನೇ ಹೆಚ್ಚಾಗಿ ಓದಿ ಬಂದಿದ್ದವರು. ಲಗ್ನವಾಗಿರಲಿಲ್ಲ. ನಮ್ಮೂರಲ್ಲಿ ಈ ವಿಷಯವನ್ನು ಕೇಳದೆ ಯಾರಿಗೂ ಚಹಾ ಗಂಟಲಿನಲ್ಲಿ ಇಳಿಯುವುದಿಲ್ಲ. ಕೇಳಿದರೆ, ಹುಡುಗನನ್ನು ನೋಡಿರಿ, ಆದರೆ ರೊಟ್ಟಿ ಬಡಿಯಲು ಬರುವವನಾಗಿರಬೇಕು ಎಂದು ನಗುತ್ತಿದ್ದರು. ಅಂಥ ಹುಡುಗ ಈ ಕಡೆ ಸಿಗುವುದಿಲ್ಲವೆಂದು ಎಲ್ಲರಿಗೂ ಗೊತ್ತಿದ್ದುದರಿಂದ ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ನಾನು ಯರಗುಪ್ಪಿಯಿಂದ ಈ ಊರಿಗೆ ಸೊಸೆಯಾಗಿ ಬಂದವಳು, ಇಲ್ಲಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಅವರು ನನ್ನನ್ನು ‘ಅಕ್ಕೋರ’ ಎಂದೇ ಕರೆಯುತ್ತಿದ್ದರು. ಶಾಲೆ ಬಿಟ್ಟ ಮೇಲೆ ದವಾಖಾನೆಯ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುವುದು ನಮ್ಮಿಬ್ಬರ ರೂಢಿಯಾಗಿತ್ತು. ಅವರ ನಾಲಿಗೆಗೆ ಮುಚ್ಚುಮರೆ ಇರಲಿಲ್ಲ. ಒಮ್ಮೆ ಹೆಂಡತಿಯ ನೋವು ಎರಡನೆಯ ದಿನಕ್ಕೆ ಬಂದ ಮೇಲೆ ಕರೆತಂದ ಒಬ್ಬ ಗೌಡನಿಗೆ, ನಾನು ನೋಡುತ್ತಿದ್ದಂತೆಯೇ, ‘ಎಮ್ಮಿ ಈಯಾಕ ಬಂದ್ರ ದನದ ಡಾಕ್ಟರನ್ನ ಎಬ್ಬಿಸಿ ಕರಕೊಂಡ ಹೋಗ್ತಿ. ಹೆಣತಿ ಎಮ್ಮಿಕಿಂತ ಕಡಿ ಆದಳೇನ?’ ಎಂದು ಕೇಳಿದರು. ಗೌಡ ಮೀಸೆಯನ್ನು ತುಟಿಯೊಳಗೆ ತಗೊಂಡು ನಿಂತ. ಅವನ ಹೆಂಡತಿ ಆ ನೋವಿನಲ್ಲೂ ನಕ್ಕಳು.

ಆದರೆ ಒಂದು ಕೆಲಸವನ್ನು ಅವರು ಮಾಡುತ್ತಿರಲಿಲ್ಲ. ಬಸುರನ್ನು ತೆಗೆಯುತ್ತಿರಲಿಲ್ಲ. ಕಾಯಿದೆ ಅನುಮತಿ ಕೊಟ್ಟ ಕಡೆಯೂ ಇಲ್ಲ, ಕೂಸಿಗೆ ತಲೆಬುರುಡೆಯೇ ಬೆಳೆದಿಲ್ಲ ಎಂದು ಸ್ಕ್ಯಾನಿನಲ್ಲಿ ಕಂಡಾಗಲೂ ಇಲ್ಲ. ಕಾಲೇಜಿಗೆ ಹೋಗುವ ಮುಂಚೆ ತಮ್ಮ ಗುರುಗಳ ಮುಂದೆ ಮಾತು ಕೊಟ್ಟಿದ್ದರಂತೆ. ನಮ್ಮ ಲಿಂಗವಂತರ ಮನೆಗಳಲ್ಲಿ ಎಂಟನೆಯ ತಿಂಗಳಲ್ಲಿ ಅಯ್ಯನವರನ್ನು ಕರೆಸಿ ಹೊಟ್ಟೆಯೊಳಗಿನ ಕೂಸಿಗೆ ಲಿಂಗ ಕಟ್ಟಿಸುವ ಪದ್ಧತಿಯಿದೆ. ಬಸುರಿಯ ಕೊರಳಲ್ಲಿ ಅವಳದೊಂದು, ಕೂಸಿನದೊಂದು. ಹುಟ್ಟಿದ ಮೇಲೆ ಕೂಸಿನದು ಕೂಸಿಗೆ. ಯಾರ ಮನೆಯಲ್ಲಿ ಆ ಕಾರ್ಯವಿದ್ದರೂ ಡಾಕ್ಟರಬಾಯಾರಿಗೆ ಕರೆ ಹೋಗುತ್ತಿತ್ತು, ಅವರು ಬಂದು ಬಸುರಿಯ ಪಕ್ಕದಲ್ಲಿ ಕೂಡುತ್ತಿದ್ದರು. ನಾನು ಒಮ್ಮೆ ವಾದಕ್ಕಿಳಿದಾಗ ಅದನ್ನೇ ಹೇಳಿದರು: ‘ಹುಟ್ಟೂದಕ್ಕಿಂತ ಮೊದಲ ಲಿಂಗಾ ಕಟ್ಟಾವರು ನಾವು. ಅದಕ್ಕ ಜೀವಾ ಇಲ್ಲಂತ ನಾ ಹೆಂಗ ಅನ್ನಲ್ರಿ, ಅಕ್ಕೋರ?’

ಹಾಗೆಂದು ಉಪದೇಶ ಮಾಡುವವರಲ್ಲ. ಅವರ ರೀತಿಯೇ ಬೇರೆ ಇತ್ತು. ಹತ್ತಿ ಬಿಡಿಸುವ ಹಂಗಾಮಿನಲ್ಲಿ ಒಬ್ಬ ತಾಯಿ ತನ್ನ ಮಗಳನ್ನು ಕರೆದುಕೊಂಡು ಬಂದಳು. ಲಗ್ನವಾಗದ ಹುಡುಗಿ. ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆ ನೋಡುತ್ತಿದ್ದಳು. ಬೇರೆ ಕಡೆಯಾಗಿದ್ದರೆ ಆ ಹುಡುಗಿಗೆ ಔಷಧಕ್ಕಿಂತ ಮೊದಲು ಮಂಗಳಾರತಿ ಆಗುತ್ತಿತ್ತು. ಬಾಯಾರು ಯಾರು, ಯಾಕೆ ಎಂದು ಕೇಳಲಿಲ್ಲ. ಪರೀಕ್ಷೆ ಮಾಡಿ, ತಾವು ಇದನ್ನು ಮಾಡುವುದಿಲ್ಲವೆಂದು ನೇರವಾಗಿ ಹೇಳಿ, ಅವರ ಎದುರಿಗೇ ಹುಬ್ಬಳ್ಳಿಯ ತಮ್ಮ ಗೆಳತಿ ಡಾಕ್ಟರಿಗೆ ಫೋನ್ ಮಾಡಿದರು. ತಾಯಿ ಮಗಳಿಬ್ಬರನ್ನೂ ತಮ್ಮ ಹಳೆಯ ಕಾರಿನಲ್ಲಿ ಕೂಡಿಸಿಕೊಂಡು ತಾವೇ ಓಡಿಸಿಕೊಂಡು ಹೋದರು. ಕೆಲಸ ಮುಗಿಯುವವರೆಗೆ ಹೊರಗಿನ ಬೆಂಚಿನ ಮೇಲೆ ಕೂತಿದ್ದು, ಸಂಜೆ ಕರೆತಂದು, ಹುಡುಗಿಗೆ ತಮ್ಮ ಮನೆಯಲ್ಲೇ ಬಿಸಿ ಅನ್ನ ಹಾಲು ಉಣ್ಣಿಸಿ ಕಳಿಸಿದರು. ಅಂಥ ಪ್ರತಿಯೊಬ್ಬಳಿಗೂ ಅವರು ಹೀಗೆಯೇ ಮಾಡಿದ್ದು. ‘ನಾ ಒಲ್ಲೆ ಅಂದ್ರ ಅಲ್ಲಿಗೆ ಮುಗೀಲಿಲ್ಲ. ಮಾಡಾವರ ಬಾಗಲಕ್ಕ ನಾನ ಬಿಟ್ಟ ಬರಬೇಕು’ ಎನ್ನುತ್ತಿದ್ದರು.

ನನ್ನ ಬಾಯಿ ಸುಮ್ಮನಿರುವಂಥದಲ್ಲ. ಪುಣ್ಯ ನಿಮಗೆ, ಪಾಪ ಹುಬ್ಬಳ್ಳಿಯವರಿಗೆ, ಒಳ್ಳೆ ಪಾಲು ಮಾಡಿಕೊಂಡಿರಿ ಎಂದು ಕಾಲೆಳೆದೆ. ಅವರು ಚಹಾವನ್ನು ಬಸಿಗೆ ಸುರಿದು ಊದಿದರು. ತಮಗೂ ಹಾಗೆ ಅನಿಸಿದ್ದುಂಟು, ಆದರೆ ಇದಕ್ಕಿಂತ ಮೇಲಿನ ದಾರಿ ಇನ್ನೂ ಸಿಕ್ಕಿಲ್ಲ ಎಂದರು. ನಾನು ಗೆದ್ದೆನೆಂದು ತಿಳಿದು ಮನೆಗೆ ಹೋದೆ.

ಲಗ್ನವಾಗಿ ಎಷ್ಟೋ ವರ್ಷಗಳ ಮೇಲೆ ನಾನು ಬಸುರಿಯಾದಾಗ ನನಗಿಂತ ಹೆಚ್ಚು ಹಿಗ್ಗಿದವರು ಅವರೇ. ನಮ್ಮ ಯಜಮಾನರು ಬಸ್ ಡ್ರೈವರು. ಮನೆಯಲ್ಲಿ ಹೆಚ್ಚಿನ ಹೊತ್ತು ನಾನು ಮತ್ತು ಅತ್ತೆ ಇಬ್ಬರೇ. ಬಾಯಾರು ದಿನಕ್ಕೊಮ್ಮೆ ಬಾಗಿಲಿಗೆ ಬಂದು ಕೈ ಬಿಸಿ ಮಾಡಿಕೊಂಡು ಹೊಟ್ಟೆ ಮುಟ್ಟಿ ಹೋಗುತ್ತಿದ್ದರು. ಕೂಸಿಗೆ ಲಿಂಗ ಕಟ್ಟುವ ದಿನ ತಾವೇ ಹೋಳಿಗೆ ಮಾಡುವುದಾಗಿ ಅತ್ತೆಯ ಹತ್ತಿರ ಮಾತು ಕೊಟ್ಟಿದ್ದರು.

ಐದನೆಯ ತಿಂಗಳು ಆಗತಾನೆ ಹಿಡಿದಿತ್ತು. ಶ್ರಾವಣದ ಮಳೆ ಎಡೆಬಿಡದೆ ಹೊಡೆಯುತ್ತಿತ್ತು. ನಮ್ಮೂರಿಗೆ ಒಂದು ಕಡೆ ಬೆಣ್ಣೆಹಳ್ಳ, ಇನ್ನೊಂದು ಕಡೆ ತುಪ್ಪರಿಹಳ್ಳ. ಹೆಸರಿನಲ್ಲಿ ಬೆಣ್ಣೆ ತುಪ್ಪ ಎರಡೂ ಇದ್ದರೂ, ಸಿಟ್ಟಿಗೆದ್ದರೆ ಎರಡೂ ಸೇರಿ ಊರನ್ನು ನಡುಗಡ್ಡೆ ಮಾಡಿ ಕೂಡಿಸುತ್ತವೆ. ಆ ದಿನ ನಸುಕಿನಲ್ಲಿ ಎದ್ದು ಕೂತಾಗ ನನ್ನ ಸೀರೆ ತೊಯ್ದು ಹೋಯಿತು. ರಕ್ತವಲ್ಲ, ನೀರು. ಅತ್ತೆ ನೋಡಿದವಳೇ ಕೊಡೆ ಹುಡುಕಿದಳು.

ದವಾಖಾನೆಯಲ್ಲಿ ಬಾಯಾರು ಸ್ಕ್ಯಾನ್ ಮಾಡಿ ಪರದೆಯನ್ನು ನನ್ನ ಕಡೆಗೆ ತಿರುಗಿಸಲಿಲ್ಲ. ಅದರಿಂದಲೇ ನನಗೆ ಅರ್ಧ ತಿಳಿಯಿತು. ಕೂಸಿನ ಸುತ್ತಲಿನ ನೀರೆಲ್ಲ ಹೋಗಿದೆ, ಇಷ್ಟು ಸಣ್ಣ ಕೂಸು ಉಳಿಯುವುದಿಲ್ಲ, ಆದರೆ ಎದೆ ಇನ್ನೂ ಬಡಿಯುತ್ತಿದೆ ಎಂದು ನನ್ನ ಕೈ ಹಿಡಿದುಕೊಂಡು ಹೇಳಿದರು. ಅವರ ಕಣ್ಣಲ್ಲಿ ನೀರಿತ್ತು. ಅತ್ತೆ ಗೋಡೆಗೆ ಹಣೆ ಹಚ್ಚಿ ನಿಂತುಬಿಟ್ಟಳು. ನಾನು ಅಳಲಿಲ್ಲ. ಅಳು ಬರಲು ಇನ್ನೂ ವರ್ಷಗಳೇ ಇದ್ದವು.

ಹೊತ್ತೇರಿದಂತೆ ಚಳಿ ಬಂತು. ಹಲ್ಲು ಕಟಕಟ ಎನ್ನುವ ಚಳಿ. ಜ್ವರ ನೋಡಿ ಬಾಯಾರ ಮುಖದ ಬಣ್ಣ ಬದಲಾಯಿತು. ನಂಜು ಏರುತ್ತಿದೆ, ಗರ್ಭಚೀಲ ಖಾಲಿಯಾಗದಿದ್ದರೆ ತಾಯಿಯ ಜೀವಕ್ಕೇ ಬರುತ್ತದೆ ಎಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಸಲಾಯಿನ್ ಹಚ್ಚಿದರು, ಸೂಜಿಮದ್ದು ಕೊಟ್ಟರು. ಹುಬ್ಬಳ್ಳಿಗೆ ಹೊರಡೋಣವೆಂದು ಕಾರಿನ ಚಾವಿ ಕೈಗೆ ತೆಗೆದುಕೊಂಡವರಿಗೆ ಹೊರಗಿನಿಂದ ಯಾರೋ ಬಂದು ಹೇಳಿದರು: ಬೆಣ್ಣೆಹಳ್ಳದ ಸೇತುವೆ ಮುಳುಗಿದೆ, ತುಪ್ಪರಿಹಳ್ಳದ ಕಡೆ ರಸ್ತೆಯೇ ಇಲ್ಲ. ನಮ್ಮ ಯಜಮಾನರು ಬಸ್ಸಿನೊಂದಿಗೆ ಹುಬ್ಬಳ್ಳಿಯಲ್ಲೇ ಸಿಕ್ಕಿಕೊಂಡಿದ್ದರು. ಊರ ಹಿರಿಯರು ದೋಣಿಗಾಗಿ ತಹಶೀಲ್ದಾರರ ಕಚೇರಿಗೆ ಫೋನ್ ಮಾಡಿದರೆ, ಮರುದಿನ ಮುಂಜಾನೆ ನೋಡೋಣ ಎಂಬ ಉತ್ತರ ಬಂತು.

ಬಾಯಾರು ಗೆಳತಿಗೆ ಫೋನ್ ಹಚ್ಚಿದರು. ಮಳೆಯ ಸದ್ದಿಗೆ ಕೇಳಿಸದೆ ಸ್ಪೀಕರ್ ಇಟ್ಟರು. ಅದರಿಂದ ನಾನೂ ಕೇಳಿದೆ. ‘ದಾರಿ ಕಾಯಬ್ಯಾಡ. ಗುಳಿಗಿ ನಿನ್ನ ಕಪಾಟಿನ್ಯಾಗ ಅದಾವ. ಈಗ ಶುರು ಮಾಡು, ಸಂಜಿ ಮಟ ತಡಾ ಮಾಡಿದ್ರ ಆಕಿ ಕೈಗೆ ಸಿಗೂದಿಲ್ಲ’ ಎಂದಿತು ಆ ಕಡೆಯ ದನಿ. ಹೆರಿಗೆಯ ನಂತರದ ರಕ್ತಸ್ರಾವ ನಿಲ್ಲಿಸಲು ಎಲ್ಲ ದವಾಖಾನೆಗಳಲ್ಲೂ ಇಟ್ಟಿರುವ ಗುಳಿಗೆಗಳು ಅವು; ಗರ್ಭಚೀಲ ಖಾಲಿ ಮಾಡಿಸುವವೂ ಅವೇ. ನಾನು ಮಲಗಿದ್ದ ಮಂಚದಿಂದ ಆ ಕಪಾಟು ಕಾಣುತ್ತಿತ್ತು. ಎದ್ದು ನಾಲ್ಕು ಹೆಜ್ಜೆ ಹಾಕುವ ಶಕ್ತಿಯಿದ್ದರೆ ನಾನೇ ತೆಗೆದುಕೊಳ್ಳುತ್ತಿದ್ದೆ.

ಬಾಯಾರು ಫೋನ್ ಇಟ್ಟು ಕಪಾಟಿನ ಮುಂದೆ ಹೋಗಿ ನಿಂತರು. ಬಾಗಿಲು ತೆರೆದರು. ಕೈ ಮೇಲಕ್ಕೆ ಹೋಯಿತು. ಅಲ್ಲೇ ನಿಂತಿತು. ಎಷ್ಟು ಹೊತ್ತು ಹಾಗೆ ನಿಂತಿದ್ದರೋ ನನಗೆ ತಿಳಿಯದು. ನನ್ನ ಪಾಲಿಗೆ ಅದು ಒಂದು ದಿನದಷ್ಟಿತ್ತು. ಕಡೆಗೆ ಬಾಗಿಲು ಮುಚ್ಚಿ ನನ್ನ ಕಡೆ ತಿರುಗಿದರು.

‘ನನ್ನ ಕೈಲೆ ಆಗವಲ್ದು, ತಂಗಿ’ ಎಂದರು. ಅಕ್ಕೋರ ಎನ್ನಲಿಲ್ಲ.

ನಾನು ಕೇಳಿಕೊಂಡೆ. ಕೂಸು ನನ್ನದು, ಅದು ಹೋಗುವುದೇ ನಿಜ ಎಂದು ನೀವೇ ಹೇಳಿದಿರಿ, ನನ್ನನ್ನಾದರೂ ಉಳಿಸಿಕೊಳ್ಳಿರಿ ಎಂದೆ. ಅವರು ನನ್ನ ಹಣೆಯ ಒದ್ದೆ ಬಟ್ಟೆ ಬದಲಿಸುತ್ತಿದ್ದರು. ಆಗ ಅತ್ತೆ ಗೋಡೆಯಿಂದ ತಿರುಗಿದಳು. ದಿನಕ್ಕೆರಡು ಹೊತ್ತು ಲಿಂಗಪೂಜೆ ಮಾಡದೆ ನೀರು ಮುಟ್ಟದ ಹೆಂಗಸು ಆಕೆ. ಡಾಕ್ಟರರ ಎದುರಿಗೆ ದನಿ ಎತ್ತಿದ್ದನ್ನು ನಾನು ಕಂಡಿರಲಿಲ್ಲ.

‘ನನ್ನ ಕೊಳ್ಳಾಗೂ ಲಿಂಗಾ ಐತ್ರಿ, ಬಾಯಾರ. ಪಾಪಾ ನನಗ ಹತ್ತಲಿ. ಗುಳಿಗಿ ಇಕಡೆ ಕೊಡ್ರಿ, ಹೆಂಗಂತ ಹೇಳ್ರಿ, ನಾನ ಹಾಕ್ತೇನಿ.’

ಬಾಯಾರು ತಲೆ ಅಲ್ಲಾಡಿಸಿದರು. ಹೇಳಿಕೊಟ್ಟರೂ ತಾವೇ ಮಾಡಿದಂತೆ ಎಂದರು. ಹುಬ್ಬಳ್ಳಿಗೆ ಕಾರಿನಲ್ಲಿ ಕೂಡಿಸಿ ಕರೆದೊಯ್ದರೆ ಪಾಪ ತಮ್ಮದಲ್ಲ, ಅತ್ತೆಯ ಅಂಗೈಗೆ ಇಟ್ಟರೆ ತಮ್ಮದು. ಈ ಲೆಕ್ಕ ನನಗೆ ಅವತ್ತೂ ಬಗೆಹರಿಯಲಿಲ್ಲ, ಇವತ್ತೂ ಬಗೆಹರಿದಿಲ್ಲ. ದ್ವೇಷ ಎಂದರೆ ಏನೆಂದು ನನಗೆ ಗೊತ್ತಾದದ್ದು ಆ ಗಳಿಗೆಯಲ್ಲಿ. ಅವರು ಬಿಸಿ ಮಾಡಿಕೊಂಡ ಕೈಯನ್ನು ನನ್ನ ಹೊಟ್ಟೆಯಿಂದ ತಳ್ಳಿದೆ.

ಅವರು ಕೊಡೆಯನ್ನೂ ತೆಗೆದುಕೊಳ್ಳದೆ ಮಳೆಯಲ್ಲಿ ಹೊರಟುಹೋದರು. ಹೋದದ್ದು ನಮ್ಮ ಬಾಜು ಮನೆಯ ಹುಸೇನಸಾಬನ ಹತ್ತಿರ. ಊರಲ್ಲಿ ಎಲ್ಲಕ್ಕಿಂತ ಎತ್ತರದ ಟ್ರ್ಯಾಕ್ಟರ್ ಅವನದು. ಅವನ ಸೊಸೆಯಂದಿರ ಹೆರಿಗೆಗಳೆಲ್ಲ ಬಾಯಾರ ಕೈಯಲ್ಲೇ ಆದವು. ರಂಜಾನ್ ಹಬ್ಬಕ್ಕೆ ಅವನ ಮನೆಯ ಹಾಲು ಶ್ಯಾವಿಗೆಯ ಸುರಕುಂಬದ ಮೊದಲ ಬಟ್ಟಲು ದವಾಖಾನೆಗೆ ಬರುತ್ತಿತ್ತು. ಅಕ್ಕೋರ ಜೀವ ಹೋಗುತ್ತಿದೆ, ಹಳ್ಳ ದಾಟಿಸಬೇಕು ಎಂದು ಬಾಯಾರು ಹೇಳಿದರಂತೆ. ಅವನು ಚಪ್ಪಲಿ ಮೆಟ್ಟಿಕೊಳ್ಳಲೂ ನಿಲ್ಲಲಿಲ್ಲ. ಬೇರೆ ದಾರಿ ಇದೆಯೇ ಎಂದು ಅವನು ಕೇಳಲಿಲ್ಲ, ಇದೆ ಎಂದು ಅವರೂ ಹೇಳಲಿಲ್ಲ.

ಖಾಲಿ ಟ್ರೇಲರ್ ನೀರಿಗಿಳಿದರೆ ತೇಲಿಕೊಂಡು ಹೋಗುತ್ತದೆ. ಅದಕ್ಕೆ ಹುಸೇನಸಾಬ ಯಾರದೋ ಮನೆ ಕಟ್ಟಲು ತರಿಸಿಟ್ಟಿದ್ದ ಬುನಾದಿ ಕಲ್ಲನ್ನೆಲ್ಲ ಅದರಲ್ಲಿ ತುಂಬಿಸಿದ. ನೆರೆಹೊರೆಯವರೆಲ್ಲ ಸಾಲಾಗಿ ನಿಂತು ಕಲ್ಲು ಎತ್ತಿ ಹಾಕುತ್ತಿದ್ದರು. ಒಂದೊಂದು ಕಲ್ಲು ಬೀಳುವ ಸದ್ದೂ ನನಗೆ ದವಾಖಾನೆಯೊಳಗೆ ಕೇಳಿಸುತ್ತಿತ್ತು. ನನ್ನ ಮೈ ಸುಡುತ್ತಿತ್ತು, ಕಾಲು ಮಾತ್ರ ತಣ್ಣಗಿದ್ದವು. ಕಲ್ಲುಗಳ ಮೇಲೆ ಹಾಸಿಗೆ ಹಾಸಿ, ನನ್ನನ್ನು ಮಲಗಿಸಿ, ಮೇಲೆ ತಾಡಪತ್ರಿ ಹೊದಿಸಿದರು. ಅತ್ತೆ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಬಾಯಾರು ಸಲಾಯಿನ್ ಬಾಟಲಿಯನ್ನು ಎತ್ತಿ ಹಿಡಿದುಕೊಂಡು ಟ್ರೇಲರಿನ ಮುಂದಿನ ಹಲಗೆಗೆ ಬೆನ್ನು ಕೊಟ್ಟು ನಿಂತರು.

ಸೇತುವೆ ಕಾಣುತ್ತಿರಲಿಲ್ಲ. ಎರೆಮಣ್ಣು ಕಲಸಿದ ಕಪ್ಪು ನೀರು, ಅದರ ನಡುವೆ ಅಲ್ಲೊಂದು ಇಲ್ಲೊಂದು ಕಟಾಂಜನದ ಕಂಬದ ತುದಿ. ಆ ತುದಿಗಳನ್ನೇ ಗುರುತಿಟ್ಟುಕೊಂಡು ಹುಸೇನಸಾಬ ಟ್ರ್ಯಾಕ್ಟರ್ ಇಳಿಸಿದ. ನೀರು ಮೊದಲು ಗಾಲಿಯ ನಟ್ಟನಡುವಿನ ಗುಂಬಕ್ಕೆ ಬಂತು, ಆಮೇಲೆ ಮೇಲಕ್ಕೆ. ಟ್ರೇಲರಿನ ತಳದ ಸಂದಿನಿಂದ ಒಳಗೆ ನುಗ್ಗಿ ಕಲ್ಲುಗಳ ನಡುವೆ ಏರಿ ನನ್ನ ಹಾಸಿಗೆಯನ್ನು ತೋಯಿಸಿತು. ಅತ್ತೆ ಶಿವ ಶಿವ ಎನ್ನುತ್ತಿದ್ದಳು. ಬಾಯಾರು ಏನನ್ನೂ ಜಪಿಸುತ್ತಿರಲಿಲ್ಲ. ಅವರ ಕಣ್ಣು ನೀರಿನ ಮೇಲಿರಲಿಲ್ಲ, ನನ್ನ ಮೇಲಿತ್ತು. ಇಂಜಿನ್ ಎರಡು ಸಲ ಕೆಮ್ಮಿ ಮತ್ತೆ ಹಿಡಿದುಕೊಂಡಿತು.

ನಡುಹಳ್ಳದಲ್ಲಿ ತೇಲಿ ಬಂದ ಒಂದು ಜಾಲಿಮರ ಟ್ರೇಲರಿಗೆ ಅಡ್ಡ ಬಡಿಯಿತು. ಹಿಂದಿನ ಗಾಲಿ ಅಂಚಿನ ಕಡೆಗೆ ಸರಿದದ್ದು ನನ್ನ ಬೆನ್ನಿಗೆ ಗೊತ್ತಾಯಿತು. ಹುಸೇನಸಾಬ ಹಾರೆ ತೆಗೆದುಕೊಂಡು ನೀರಿಗಿಳಿದ. ಎದೆಮಟ್ಟ ನೀರಿನಲ್ಲಿ, ಒಂದು ಕೈಯಿಂದ ಟ್ರೇಲರಿನ ಕಬ್ಬಿಣದ ಅಂಚು ಹಿಡಿದು, ಇನ್ನೊಂದರಿಂದ ಹಾರೆ ಹಾಕಿ ಮರವನ್ನು ಮೀಟಿದ. ಮರ ಹೊರಳಿತು. ಹೊರಳಿದ ಮರ ಅಂಚು ಹಿಡಿದಿದ್ದ ಕೈಯ ಮೇಲೆಯೇ ಬಂತು. ಅವನು ಕೂಗಿದ್ದನ್ನು ನಾನು ಬರೆಯಲಾರೆ. ಸೆಳವಿಗೆ ಅವನ ಕಾಲು ನೆಲ ಬಿಟ್ಟವು. ಬಾಯಾರು ಬಾಟಲಿಯನ್ನು ಅತ್ತೆಯ ಮೇಲೆ ಎಸೆದು, ಟ್ರೇಲರಿನ ಅಂಚಿಗೆ ಹೊಟ್ಟೆ ಹಚ್ಚಿ ಬಿದ್ದು, ಅವನ ಅಂಗಿಯ ಕಾಲರನ್ನು ಎರಡೂ ಕೈಯಿಂದ ಹಿಡಿದರು. ಮರ ಬಿಡಿಸಿಕೊಂಡು ಹೋಗುವವರೆಗೂ ಬಿಡಲಿಲ್ಲ. ಅವನು ಹೇಗೆ ಮೇಲೆ ಹತ್ತಿದನೋ, ಒಂದೇ ಕೈಯಿಂದ ಹೇಗೆ ಸ್ಟೇರಿಂಗ್ ಹಿಡಿದನೋ. ಆಚೆ ದಂಡೆಗೆ ಬಂದ ಮೇಲೆ ಸ್ಟೇರಿಂಗಿನ ಮೇಲೆ ತಲೆಯಿಟ್ಟುಬಿಟ್ಟ.

ಆಚೆ ಕಡೆ ಬಾಯಾರು ಫೋನ್ ಮಾಡಿ ತರಿಸಿದ್ದ ಅಂಬುಲೆನ್ಸ್ ನಿಂತಿತ್ತು. ಅದರಲ್ಲಿ ನಾನೂ ಇದ್ದೆ, ಹುಸೇನಸಾಬನೂ ಇದ್ದ. ಹುಬ್ಬಳ್ಳಿಯ ಗೆಳತಿ ಡಾಕ್ಟರು ಬಾಗಿಲಲ್ಲೇ ಕಾಯುತ್ತಿದ್ದರು. ಬಾಯಾರು ಮಾಡದಿದ್ದುದನ್ನು ಅವರು ಮಾಡಿದರು. ನಾನು ಉಳಿದೆ. ನಂಜು ಇಳಿಯಲು ಬಹಳ ದಿನ ಹಿಡಿಯಿತು. ಆಮೇಲೆ ನನಗೆ ಮಕ್ಕಳಾಗಲಿಲ್ಲ. ಆ ತಡದಿಂದಲೇ ಹೀಗಾಯಿತೆಂದು ಯಾವ ಡಾಕ್ಟರೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಹುಸೇನಸಾಬನ ಎಡಗೈಯ ಎರಡು ಬೆರಳು ತೆಗೆಯಬೇಕಾಯಿತು.

ನಾನು ಎದ್ದು ಓಡಾಡುವಂತಾದ ದಿನ ಬಾಯಾರು ಬಂದರು. ನನ್ನ ಮಂಚದ ಹತ್ತಿರ ಕೂಡಲಿಲ್ಲ. ನನ್ನನ್ನೂ ಕರೆದುಕೊಂಡು ಗಂಡಸರ ವಾರ್ಡಿಗೆ ಹೋದರು. ಹುಸೇನಸಾಬ ಕಟ್ಟಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಮಲಗಿದ್ದ. ಅವರನ್ನು ಕಂಡು ಏಳಲು ಹೋದ. ಬಾಯಾರು ಅವನ ಭುಜ ಹಿಡಿದು ಮಲಗಿಸಿ ನಿಂತುಕೊಂಡೇ ಮಾತಾಡಿದರು.

‘ಹುಸೇನಸಾಬ, ಅಕ್ಕೋರ್ನ ಉಳಸೂ ಗುಳಿಗಿ ನನ್ನ ಕಪಾಟಿನ್ಯಾಗ ಇದ್ದವು. ಹಳ್ಳಾ ದಾಟೂ ಜರೂರ ಇದ್ದಿದ್ದಿಲ್ಲ. ನನ್ನ ನೇಮಕ್ಕ ನಾ ಒಲ್ಲೆ ಅಂದೆ. ನಿನಗ ಹೇಳಲಿಲ್ಲ. ನನ್ನ ಕೈ ಉಳಸ್ಕೊಳ್ಳಾಕ ಹೋಗಿ ನಿನ್ನ ಕೈ ತಗೊಂಡೆ.’

ಅವನು ಮುಖವನ್ನು ಕಿಟಕಿಯ ಕಡೆ ತಿರುಗಿಸಿದ. ಮಂಚದ ಬಳಿ ಕೂತಿದ್ದ ಅವನ ಹೆಂಡತಿ ತಲೆಯ ಮೇಲಿನ ಸೆರಗು ಎಳೆದುಕೊಂಡು ಹೊರಗೆ ಎದ್ದುಹೋದಳು.

‘ಹೇಳಬೇಕಾಗಿತ್ರಿ, ಬಾಯಾರ’ ಎಂದ ಕೊನೆಗೆ. ‘ಹೇಳಿದ್ರೂ ಬರತಿದ್ನೇನೋ. ಆದ್ರ ಹೇಳಬೇಕಾಗಿತ್ತು.’

ಬಾಯಾರು ಹೌದೆಂದರು. ಕ್ಷಮೆ ಕೇಳಲಿಲ್ಲ. ಕೇಳಿದ್ದರೆ ಅವನು ಕೊಟ್ಟುಬಿಡುತ್ತಿದ್ದ, ಅದು ಅವರಿಗೆ ಗೊತ್ತಿತ್ತು. ಹಿಂದಿರುಗುವಾಗ ಅವರು ಮಂಚದ ತನಕ ನನ್ನ ತೋಳು ಹಿಡಿದು ಬಂದು ಬಿಟ್ಟುಹೋದರು.

ಮಳೆಗಾಲ ಮುಗಿದ ಮೇಲೆ ಅವರು ವರ್ಗಾವಣೆ ಕೇಳಿದ್ದಾರೆಂಬ ಸುದ್ದಿ ಹಬ್ಬಿತು. ಊರೇ ಎದ್ದು ಕೂತಿತು. ಅಷ್ಟು ಹೊತ್ತಿಗೆ ನಡೆದದ್ದೆಲ್ಲ ಎಲ್ಲರಿಗೂ ಗೊತ್ತಾಗಿತ್ತು. ಆದರೂ ಅವರನ್ನು ಬಿಡಲು ಯಾರೂ ತಯಾರಿರಲಿಲ್ಲ. ನೇಮ ಎಂದ ಮೇಲೆ ಪಾಲಿಸಲೇಬೇಕಲ್ಲ ಎಂದು ಕೆಲವರು ನನ್ನ ಎದುರಿಗೇ ಅಂದರು. ಅವರ ಬಾಯಿಗೆ ಬೀಗ ಹಾಕಲು ಹೋಗಲಿಲ್ಲ, ಆ ಜ್ವರ ಅವರ ಮೈಗೆ ಬಂದಿರಲಿಲ್ಲ. ಹೆಂಗಸರೆಲ್ಲ ಸೇರಿ ಬಾಯಾರನ್ನು ಒಪ್ಪಿಸಲು ನನ್ನನ್ನೇ ಕಳಿಸಿದರು. ನಾನು ಹೇಳಿದರೆ ಕೇಳುತ್ತಾರೆಂದು ಅವರ ಎಣಿಕೆ. ನಾನು ಹೋದದ್ದು ಬೇರೆ ಕಾರಣಕ್ಕೆ. ಜಗಳವಾಡಬೇಕಿತ್ತು ನನಗೆ.

ಕ್ವಾರ್ಟರ್ಸಿನಲ್ಲಿ ಅವರು ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದರು. ಓಡಿ ಹೋಗುತ್ತಿದ್ದೀರಿ ಎಂದೆ. ಅಷ್ಟು ಮಾಡಿದ ಮೇಲೆ ನೇಮ ಬಿಟ್ಟು ಇಲ್ಲೇ ಇರಬೇಕು, ಇನ್ನೊಬ್ಬಳಿಗೆ ಹೌದೆನ್ನಬೇಕು, ಆಗ ನಾನು ಒಪ್ಪುತ್ತೇನೆ ಎಂದೆ. ಅವರು ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟರು.

‘ಬಿಡಾಕ ನೋಡಿದೆನ್ರಿ. ದಿನಾ ಆ ಕಪಾಟಿನ ಮುಂದ ಹೋಗಿ ನಿಂದರ್ತೇನಿ. ಕೈ ಏಳವಲ್ದು. ನಾಳೆ ಇನ್ನೊಬ್ಬಾಕಿ ಬಂದ್ರೂ ಏಳೂದಿಲ್ಲ. ಒಲ್ಲೆ ಅನ್ನಾಕಿ ನಾನು. ಒಲ್ಲೆ ಅನ್ನಾಕಿ ಒಬ್ಬಾಕಿನ ಇರೂ ದವಾಖಾನ್ಯಾಗ ನಾ ಇರಬಾರದು, ಅಕ್ಕೋರ.’

ಬಾಜು ಟೇಬಲ್ಲಿಗೆ ಇನ್ನೊಬ್ಬ ಡಾಕ್ಟರು ಇರುವಂಥ ದೊಡ್ಡ ದವಾಖಾನೆಗೆ ಹೋಗುತ್ತೇನೆ, ಅಲ್ಲಿ ನನ್ನ ನೇಮದಿಂದ ಯಾರ ದಾರಿಯೂ ಕಟ್ಟುವುದಿಲ್ಲ ಎಂದರು. ಇಲ್ಲಿಗೆ ಎಲ್ಲ ಕೆಲಸವನ್ನೂ ಮಾಡುವವರು ಬರುವವರೆಗೆ ಹೊರಡುವುದಿಲ್ಲ ಎಂದೂ ಹೇಳಿದರು. ಹಾಗೆಯೇ ಮಾಡಿದರು. ಮೇಲಿನವರ ಬೆನ್ನು ಹತ್ತಿ, ಆಫೀಸಿನಿಂದ ಆಫೀಸಿಗೆ ಅಲೆದು, ಒಬ್ಬ ಎಳೆಯ ಲೇಡಿ ಡಾಕ್ಟರನ್ನು ನಮ್ಮೂರಿಗೆ ಹಾಕಿಸಿಕೊಂಡು ಬಂದರು. ಬಂದ ದಿನವೇ ಆಕೆಯನ್ನು ಆ ಕಪಾಟಿನ ಮುಂದೆ ನಿಲ್ಲಿಸಿ, ಇದನ್ನು ಕೊಡುತ್ತೀಯಾ ಎಂದು ಕೇಳಿದರಂತೆ. ಆಕೆ ಆಶ್ಚರ್ಯದಿಂದ, ಬೇಕಾದವರಿಗೆ ಕೊಡುವುದೇ ಅಲ್ಲವೇ ಎಂದಳಂತೆ.

ಕಳಿಸುವ ದಿನ ದವಾಖಾನೆಯ ಅಂಗಳ ತುಂಬಿತ್ತಂತೆ. ಅತ್ತೆ ರೊಟ್ಟಿ ಬುತ್ತಿ ಕಟ್ಟಿ ಕೊಟ್ಟಳು. ಹುಸೇನಸಾಬ ಬಂದು, ದೂರದಲ್ಲಿ ನಿಂತು, ಕಾರು ಹೊರಟ ಮೇಲೆ ಹೋದನಂತೆ. ನಾನು ಶಾಲೆಯಲ್ಲೇ ಇದ್ದೆ. ಹೋಗಬೇಕೆನಿಸಲಿಲ್ಲ. ನನ್ನ ಸಿಟ್ಟು ಇನ್ನೂ ಇತ್ತು. ಈಗಲೂ ಸ್ವಲ್ಪ ಇದೆ. ನನ್ನನ್ನು ಆ ಮಂಚದ ಮೇಲೆ ಬಿಟ್ಟು ಕಪಾಟು ಮುಚ್ಚಿದವರು ಅವರು, ಸೆಳವಿನಲ್ಲಿ ನಿಂತು ಬಾಟಲಿ ಹಿಡಿದವರೂ ಅವರೇ. ಒಂದನ್ನು ನೆನೆದಾಗ ಇನ್ನೊಂದು ಬಂದು ಎದುರು ನಿಲ್ಲುತ್ತದೆ. ಅವರ ಹಾಗೆ ನನ್ನನ್ನು ಪ್ರೀತಿಸಿದವರೂ ಕಡಿಮೆ, ಅವರ ಹಾಗೆ ನನ್ನನ್ನು ನೋಯಿಸಿದವರೂ ಕಡಿಮೆ.

ಹೊಸ ಡಾಕ್ಟರು ಬಿರುಸು, ಮಾತು ಕಡಿಮೆ, ಕೈ ತಣ್ಣಗೆ. ಊರು ಮೊದಮೊದಲು ಮೂಗು ಮುರಿಯಿತು, ಆಮೇಲೆ ಒಗ್ಗಿಕೊಂಡಿತು. ಹೋದ ಶ್ರಾವಣದಲ್ಲಿ ಮತ್ತೆ ಅಂಥದೇ ಮಳೆ. ನಮ್ಮ ಓಣಿಯಲ್ಲಿ ಶಲವಡಿಯಿಂದ ಬಂದ ಒಬ್ಬ ಹೊಸ ಸೊಸೆಯಿದ್ದಾಳೆ. ಐದು ತಿಂಗಳ ಬಸುರಿಗೆ ನೀರು ಹೋಗಿ ಜ್ವರ ಹಿಡಿಯಿತು. ಸುದ್ದಿ ತಿಳಿದು ಶಾಲೆಯಿಂದ ನಾನು ಓಡಿದೆ. ನಾನು ಮುಟ್ಟುವ ಹೊತ್ತಿಗೆ ಡಾಕ್ಟರು ಗುಳಿಗೆ ಕೊಟ್ಟು, ಸಲಾಯಿನ್ ಹಚ್ಚಿ, ಬಾಜುವಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಸಂಜೆಯ ಒಳಗೆ ಎಲ್ಲ ಆಗಿತ್ತು, ಜ್ವರ ಇಳಿದಿತ್ತು. ಹುಡುಗಿ ಅತ್ತಳು. ಅವಳಿಗೆ ನಿದ್ದೆ ಹತ್ತುವ ತನಕ ನಾನು ಅವಳ ತಲೆ ಸವರುತ್ತ ಕೂತೆ. ತನ್ನನ್ನು ಉಳಿಸಿದ ಡಾಕ್ಟರು ಈ ಕುರ್ಚಿಗೆ ಹೇಗೆ ಬಂದರೆಂಬುದು ಅವಳಿಗೆ ಗೊತ್ತಿಲ್ಲ.

ಮನೆಗೆ ಬಂದು ಬಾಯಾರಿಗೆ ಫೋನ್ ಮಾಡಿದೆ. ಅವರು ಹೋದ ಮೇಲೆ ನಾನಾಗಿ ಮಾಡಿದ ಮೊದಲ ಫೋನ್ ಅದು. ಅಷ್ಟರಲ್ಲಿ ಅವರಿಗೆ ಎದೆಯ ಕಾಯಿಲೆ ಶುರುವಾಗಿತ್ತು, ಮಾತಿನ ನಡುವೆ ಉಸಿರು ತೆಗೆದುಕೊಳ್ಳುತ್ತಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಹುಡುಗಿ ಹೇಗಿದ್ದಾಳೆಂದು ಕೇಳಿದರು. ಚೆನ್ನಾಗಿದ್ದಾಳೆ, ನಾಳೆ ಮನೆಗೆ ಕಳಿಸುತ್ತಾರೆ ಎಂದೆ.

‘ಹಳ್ಳಾ ಬಂದಿತ್ತೇನ್ರಿ, ಅಕ್ಕೋರ?’

ಬಂದಿತ್ತು, ಸೇತುವೆ ಮುಳುಗಿತ್ತು ಎಂದೆ.

‘ಯಾರೂ ದಾಟಲಿಲ್ಲಲ್ಲ?’

‘ಯಾರೂ ದಾಟಲಿಲ್ರಿ, ಬಾಯಾರ.’

ಆ ಕಡೆಯಿಂದ ಅವರು ಅಳುವುದು ಕೇಳಿಸಿತು. ಆ ದಿನ ಮಂಚದ ಮೇಲೆ ನನಗೆ ಬಾರದೆ ಹೋದ ಅಳು ನನಗೂ ಬಂತು. ಇಬ್ಬರೂ ಫೋನ್ ಇಡದೆ ಬಹಳ ಹೊತ್ತು ಅತ್ತೆವು. ಸಂಕ್ರಾಂತಿಗೆ ಮೊದಲು ಅವರು ಲಿಂಗೈಕ್ಯರಾದರು. ಕುಂದಗೋಳದ ಕಡೆಯ ಅವರ ಹುಟ್ಟೂರಿಗೆ ನಾನು, ಅತ್ತೆ, ಹುಸೇನಸಾಬ ಮೂವರೂ ಕೂಡಿಯೇ ಹೋಗಿ ಮಣ್ಣು ಕೊಟ್ಟು ಬಂದೆವು.